ಮಾವಿನ ತೋಪಿಗೆ ಹೊರಟ ಐದು ಮನೆ

ಕೀಲ್ಪಾಕ್‌ನ ಆ ಒಳಬೀದಿಯಲ್ಲಿ ಹಾದುಹೋಗುತ್ತಿದ್ದವರು ಅಂದು ಬೆಳಿಗ್ಗೆ ತಲೆಯೆತ್ತಿ ನೋಡಿದ್ದರೆ, ಹಳೆಯ ಕಟ್ಟಡವೊಂದರ ತಾರಸಿಯ ಮೇಲೆ ಹಳದಿ ಬಣ್ಣದ ಟೆಂಟೊಂದು ಏಳುವುದೂ ಬೀಳುವುದೂ ಕಾಣುತ್ತಿತ್ತು. ಟೆಂಟಿನ ಒಳಗೆ ಸಿಕ್ಕಿಕೊಂಡಿದ್ದವರು ರಮೇಶ್. ವಿಮಾ ಕಚೇರಿಯಲ್ಲಿ ಜೀವಮಾನ ಸವೆಸಿ ನಿವೃತ್ತರಾದ ಅವರಿಗೆ ಯಾವ ಕಡ್ಡಿ ಯಾವ ತೂತಿಗೆ ಹೋಗಬೇಕೆಂಬುದು ಇನ್ನೂ ಬಗೆಹರಿದಿರಲಿಲ್ಲ. ಹೊರಗೆ ನಿಂತು ನಗುತ್ತಿದ್ದವಳು ಅವರ ಹೆಂಡತಿ ನಾಗಮಣಿ.

"ರೀ, ಆ ಕಡ್ಡಿ ಅಲ್ಲ, ಎಡಗಡೇದು ಬಗ್ಗಿಸಿ."

"ಯಾರ ಎಡ? ನಿನ್ನ ಎಡಾನೋ ನನ್ನ ಎಡಾನೋ?"

"ನೀವು ಒಳಗಿದೀರ, ನಾನು ಹೊರಗಿದೀನಿ. ನಿಮ್ಮ ಎಡಾನೇ ಇಟ್ಕೊಳಿ."

ನಾಗಮಣಿಯ ದನಿ ಬೀದಿಯ ಆ ತುದಿಗೂ ಕೇಳಿಸುವಂಥದ್ದು. ಎಗ್ಮೋರ್ ರೈಲ್ವೆ ಸ್ಟೇಷನ್ನಿನ ವಿಚಾರಣೆ ಕೌಂಟರಿನಲ್ಲಿ ಕೂತು, ಗಲಾಟೆಯ ನಡುವೆ ಲಕ್ಷಾಂತರ ಜನಕ್ಕೆ ಗಾಡಿಯ ಹೊತ್ತು ಹೇಳಿ ಪಳಗಿದ ದನಿ ಅದು. ಅರಸೀಕೆರೆಯ ಲೋಕೋ ಶೆಡ್ಡಿನ ಫಿಟ್ಟರರ ಮಗಳು ಮದರಾಸಿಗೆ ಬಂದು, ಮದರಾಸು ಚೆನ್ನೈ ಆಗಿ, ಅವಳೂ ಅಜ್ಜಿಯಾಗುವ ವಯಸ್ಸಿಗೆ ಬಂದಿದ್ದಳು. ಆದರೂ ಈಗೊಂದು ವಾರದಿಂದ ಅವಳ ನಡಿಗೆಯೇ ಬೇರೆಯಾಗಿತ್ತು. ತರಕಾರಿಯವನು, ಇಸ್ತ್ರಿಯವನು, ಮೆಡಿಕಲ್ ಕಾಲೇಜಿನ ಎದುರಿನ ಹಣ್ಣಿನ ಗಾಡಿಯವಳು ಎಲ್ಲರಿಗೂ ಸುದ್ದಿ ಮುಟ್ಟಿತ್ತು: ನಮ್ಮನ್ನ ಕರೆದಿದ್ದಾರೆ.

ಕರೆದಿದ್ದು ಮಧುರಾಂತಕದ ಆಚೆಯ ಒಂದು ಮಾವಿನ ತೋಪಿಗೆ. ಕೂಡಿ ಬದುಕುವವರು ವರ್ಷಕ್ಕೊಮ್ಮೆ ಅಲ್ಲಿ ಸೇರುತ್ತಾರಂತೆ. ಜಮೀನು ಒಟ್ಟಿಗೆ ಇಟ್ಟುಕೊಂಡು ಉಳುವ ಕುಟುಂಬಗಳು, ಒಂದೇ ದೊಡ್ಡ ಮನೆಯಲ್ಲಿ ಸಂಸಾರ ಹೂಡಿದ ಗೆಳೆಯರು, ವಯಸ್ಸಾದ ಮೇಲೆ ಸೇರಿ ಮನೆ ಕಟ್ಟಿಕೊಂಡ ಹೆಂಗಸರು. ಮೂರು ದಿನ ಮರದಡಿಯಲ್ಲೇ ವಾಸ. ವೇದಿಕೆ ಇಲ್ಲ, ಮೈಕಿಲ್ಲ, ಹಾರ ತುರಾಯಿ ಇಲ್ಲ. ಒಂದೊಂದು ಗುಂಪು ಒಂದೊಂದು ಹೊತ್ತು ಕಲ್ಲಿನ ಒಲೆ ಹೂಡಿ ಎಲ್ಲರಿಗೂ ಅಡುಗೆ ಮಾಡಬೇಕು, ಊಟವಾದ ಮೇಲೆ ತಾವು ಹೇಗೆ ಬದುಕುತ್ತೇವೆಂದು ಹೇಳಬೇಕು. ಕೂಟ ನಡೆಸುವವರ ಪೈಕಿ ನವ್ಯಾ ಎಂಬ ಹುಡುಗಿ ಒಂದು ದಿನ ಈ ಕಟ್ಟಡಕ್ಕೆ ಬಂದು, ನೆಲದ ಮೇಲೆ ಕೂತು ಹುಳಿಯನ್ನ ಉಂಡು ಹೋಗಿದ್ದಳು. ಮನೆಯಲ್ಲಿ ಕನ್ನಡ ಕೇಳಿ ಬೆಳೆದವಳು. ನಾಗಮಣಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತಾ, ಏಳುವಾಗ "ನೀಂಗ ಕಂಡಿಪ್ಪಾ ವರಣುಂ ಆಂಟಿ" ಎಂದಿದ್ದಳು. ಖಂಡಿತ ಬರಬೇಕು. ಆ ಮಾತನ್ನು ನಾಗಮಣಿ ಎಷ್ಟು ಜನಕ್ಕೆ ಹೇಳಿದ್ದಳೋ ಅವಳಿಗೇ ನೆನಪಿಲ್ಲ.

ಕರೆಯುವಂಥದ್ದು ಈ ಕಟ್ಟಡದಲ್ಲಿ ಏನಿತ್ತೆಂದರೆ, ಐದು ಮನೆಗೆ ಒಂದೇ ಅಡುಗೆಮನೆ ಇತ್ತು.

ಅದೇನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಎರಡು ವರ್ಷದ ಹಿಂದೆ ಡಿಸೆಂಬರಿನ ಚಂಡಮಾರುತದಲ್ಲಿ ಬೀದಿಯೆಲ್ಲ ಕೆರೆಯಾದಾಗ ಕರೆಂಟು ಹೋಯಿತು, ಹಾಲು ನಿಂತಿತು. ನೆಲಮಹಡಿಯ ಫಿಲೋಮಿನಾ ಟೀಚರ ಮನೆಗೆ ಮೊಣಕಾಲುದ್ದ ನೀರು ನುಗ್ಗಿತು. ರಮೇಶ್ ಮತ್ತು ಮೇಲಿನ ಮನೆಯ ಬ್ಯಾಂಕ್ ಉದ್ಯೋಗಿ ಗಿರಿಧರ್ ಸೇರಿ ಟೀಚರನ್ನು ಕುರ್ಚಿಯಲ್ಲಿ ಕೂರಿಸಿ ಮೊದಲ ಮಹಡಿಗೆ ಹೊತ್ತು ತಂದರು. ನಾಗಮಣಿಯ ಮನೆಯಲ್ಲಿ ತುಂಬಿದ ಸಿಲಿಂಡರು ಇತ್ತು, ಎದುರುಮನೆಯ ಗುಣವತಿಯಲ್ಲಿ ಅಕ್ಕಿ ಇತ್ತು. ಗುಣವತಿಯ ಗಂಡ ವಿಷ್ಣುಮೂರ್ತಿ ಉಡುಪಿ ಕಡೆಯವರು, ಒಂದು ಸಸ್ಯಾಹಾರಿ ಹೋಟೆಲಿನ ಅಡುಗೆಮನೆ ನಡೆಸಿ ದಣಿದವರು. ಹತ್ತು ಜನಕ್ಕೆ ಗಂಜಿ ಬೇಯಿಸುವುದೆಂದರೆ ಅವರಿಗೆ ಎಡಗೈ ಕೆಲಸ. ನೀರು ಇಳಿದ ಮೇಲೂ ಎಲ್ಲರೂ ಊಟದ ಹೊತ್ತಿಗೆ ಅಭ್ಯಾಸಬಲದಿಂದ ನಾಗಮಣಿಯ ಮನೆಗೇ ಬರುತ್ತಿದ್ದರು. ಸೌಕಾರ್‌ಪೇಟೆಯ ಒಡವೆ ಅಂಗಡಿಯಲ್ಲಿ ಕೆಲಸ ಮಾಡುವ, ಮದುವೆಯಾಗದ ಪಂಢರಿನಾಥನಂತೂ ತನ್ನ ಸ್ಟೌವನ್ನು ಹೊತ್ತಿಸುವುದನ್ನೇ ಬಿಟ್ಟ.

ತಿಂಗಳೆರಡು ಕಳೆದು ಕೆಳಗಿನ ಮನೆಯ ಗೋಡೆ ಒಣಗಿ ಸುಣ್ಣ ಬಳಿದಾಗ ಫಿಲೋಮಿನಾ ಟೀಚರ್ ಎಲ್ಲರನ್ನೂ ಕರೆದು, "ನನ್ನ ಅಡುಗೆಮನೆ ದೊಡ್ಡದು. ನಾನು ಒಬ್ಳು ಅದ್ರಲ್ಲಿ ಏನು ಡ್ಯಾನ್ಸ್ ಮಾಡ್ಲಾ? ಎಲ್ಲಾರೂ ಇಲ್ಲೇ ಬನ್ನಿ" ಎಂದರು. ಟೀಚರದು ತಮಿಳು ಮನೆಮಾತು, ಆದರೆ ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಹಾಗಾಗಿ ಅವರ ಕನ್ನಡಕ್ಕೆ ಬರವಿರಲಿಲ್ಲ. ಅಂದಿನಿಂದ ಐದು ಮನೆಯ ಪಾತ್ರೆ ಕೆಳಗಿಳಿಯಿತು. ಸರದಿ ಪ್ರಕಾರ ಅಡುಗೆ, ಸರದಿ ಪ್ರಕಾರ ಪಾತ್ರೆ ತೊಳೆಯುವುದು, ಗಂಡಸರಿಗೂ ಮಾಫಿ ಇಲ್ಲ. ಕಳೆದ ವರ್ಷ ಟೀಚರ್ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಆಸ್ಪತ್ರೆಯಲ್ಲಿ ರಾತ್ರಿ ಮಲಗುವುದಕ್ಕೂ ಸರದಿಯೇ ಆಯಿತು. ಈಗ ಅವರು ವಾಕರ್ ಹಿಡಿದು ಮನೆಯೊಳಗೆ ನಾಲ್ಕು ಹೆಜ್ಜೆ ಹಾಕುತ್ತಿದ್ದರು. ಹೊರಗೆ ಹೋಗುವುದು ಮಾತ್ರ ನಿಂತುಹೋಗಿತ್ತು.

ಹೀಗಾಗಿ, ತೋಪಿಗೆ ಹೋಗುವ ಮಾತು ಬಂದ ದಿನವೇ ಟೀಚರಿಗೆ ಆ ಮೂರು ದಿನಕ್ಕೆ ಒಬ್ಬ ನರ್ಸನ್ನು ಗೊತ್ತು ಮಾಡಿಯಾಗಿತ್ತು. ಗುಣವತಿಯೇ ಹುಡುಕಿ ತಂದಿದ್ದಳು. ಕ್ರಮವಾಗಿ ಯೋಚಿಸಿದ್ದೇವೆಂದು ಎಲ್ಲರಿಗೂ ಸಮಾಧಾನವಿತ್ತು.

ಭಾನುವಾರ ಊಟವಾದ ಮೇಲೆ ನಾಗಮಣಿ ತೋಪಿನಲ್ಲಿ ಹೇಳಬೇಕಾದ್ದನ್ನು ಎಲ್ಲರ ಮುಂದೆ ಒಮ್ಮೆ ಹೇಳಿ ನೋಡುವುದೆಂದಾಯಿತು. ಹೇಳುವವಳು ಅವಳೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಅವಳಿಗಂತೂ ಮೊದಲೇ ಇಲ್ಲ. ಫಿಲೋಮಿನಾ ಟೀಚರ್ ಕಿಟಕಿಯ ಪಕ್ಕದ ತಮ್ಮ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಗಿರಿಧರನ ಹೆಂಡತಿ ಹರ್ಷಿಣಿ ಒರೆಸಿದ ತಟ್ಟೆಗಳನ್ನು ಜೋಡಿಸುತ್ತಿದ್ದಳು. ನಾಗಮಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಳು.

"ಎಲ್ಲರಿಗೂ ವಣಕ್ಕಂ, ನಮಸ್ಕಾರ. ನಾವು ಕೀಲ್ಪಾಕ್‌ನಿಂದ ಬಂದಿದೀವಿ. ನಮ್ಮ ಕಟ್ಟಡದ ಕೆಳಗಿನ ಮನೇಲಿ ಒಬ್ಬ ಒಂಟಿ ಅಜ್ಜಿ ಇದಾರೆ. ಅವರಿಗೆ ಹಿಂದಿಲ್ಲ ಮುಂದಿಲ್ಲ. ಮಳೆ ಬಂದಾಗ ನಾವೇ ಅವರನ್ನ ಹೊತ್ಕೊಂಡು ಮೇಲೆ ತಂದ್ವಿ. ಅವತ್ತಿಂದ ನಾವೇ ಅವರಿಗೆ ಊಟ ಹಾಕ್ತೀವಿ, ಆಸ್ಪತ್ರೆಗೆ ಕರ್ಕೊಂಡು ಹೋಗ್ತೀವಿ, ಸ್ನಾನ ಮಾಡಿಸ್ತೀವಿ..."

ಅವರೆಕಾಯಿ ಸುಲಿಯುವ ಸದ್ದು ನಿಂತಿತು.

"ಏನಮ್ಮಾ ನಾಗಮಣಿ," ಎಂದರು ಟೀಚರ್, "ಈ ಅಡುಗೆಮನೆ ಯಾರ್ದು?"

ನಾಗಮಣಿ ತಬ್ಬಿಬ್ಬಾದಳು. "ನಿಮ್ದೇ ಟೀಚರ್."

"ನಾನು ಈಗ ಉಂಡಿದ್ದು ಯಾರ ಮನೇಲಿ?"

"ನಿಮ್ಮ ಮನೇಲಿ."

"ಆಮೇಲೆ ಒಂಟಿ ಅಜ್ಜಿ ಅಂದ್ಯಲ್ಲ, ಅದು ಯಾರು? ನನ್ನ ಬಾಗಿಲಲ್ಲಿ ದಿನಾ ಇಷ್ಟೊಂದು ಚಪ್ಪಲಿ ಬಿದ್ದಿರ್ತವೆ. ಕಾಲಿಡಕ್ಕೆ ಜಾಗ ಇರಲ್ಲ. ನಾನು ಹೆಂಗಮ್ಮಾ ಒಂಟಿ?"

ಟೀಚರ್ ಮೊರವನ್ನು ಪಕ್ಕದ ಸ್ಟೂಲಿನ ಮೇಲಿಟ್ಟು, ವಾಕರನ್ನು ಎಳೆದುಕೊಂಡು ಎದ್ದರು. ಹಿಡಿಯಲು ಹೋದ ಹರ್ಷಿಣಿಯ ಕೈಯನ್ನು ಬೇಡವೆಂದು ಸರಿಸಿದರು. ಟಕ್, ಟಕ್ ಎಂದು ವಾಕರಿನ ಸದ್ದು ಒಳಕೋಣೆಯವರೆಗೆ ಹೋಯಿತು, ಬಾಗಿಲು ಹಾಕಿಕೊಂಡಿತು.

"ಛೆ, ಎಂತ ಹೇಳಿಬಿಟ್ಟಿರಿ ಮಾರಾಯ್ರೆ," ಎಂದು ವಿಷ್ಣುಮೂರ್ತಿ ಮೆಲ್ಲಗೆ ಹೇಳಿದರು.

"ನಾನೇನು ಸುಳ್ಳು ಹೇಳಿದ್ನಾ?" ಎಂದಳು ನಾಗಮಣಿ. ದನಿ ಮಾತ್ರ ಎಗ್ಮೋರಿನದಾಗಿರಲಿಲ್ಲ.

ಅದೇ ಸಂಜೆ ಬೆಸೆಂಟ್ ನಗರದಿಂದ ನಾಗಮಣಿಯ ಮಗಳು ವಂದನಾ ಬಂದಳು. ಅವಳು ಫಿಸಿಯೋಥೆರಪಿಸ್ಟ್. ಮಾತು, ನಡೆ, ಕೋಪ ಎಲ್ಲದರಲ್ಲೂ ಅಮ್ಮನ ಅಚ್ಚು. ಸೀದಾ ಮೊದಲ ಮಹಡಿಯ ಅಡುಗೆಮನೆಗೆ ನುಗ್ಗಿ, ಗ್ಯಾಸ್ ಒಲೆಯ ಮೇಲೆ ಹೊದಿಸಿದ್ದ ಹಳೆಯ ದುಪಟಿಯನ್ನು ಎತ್ತಿ ನೋಡಿದಳು. ಡಬ್ಬಿ ತೆಗೆದಳು, ಸಕ್ಕರೆ ಇರಲಿಲ್ಲ. ಫ್ರಿಜ್ ತೆಗೆದಳು, ನೀರಿನ ಬಾಟಲಿ ಬಿಟ್ಟರೆ ಬೇರೇನಿಲ್ಲ.

"ಅಮ್ಮನ ಮನೇಗೆ ಬಂದ್ರೆ ಒಂದು ಟಂಬ್ಲರ್ ಕಾಪಿಗೆ ಕೆಳಗೆ ಹೋಗಿ ಇನ್ನೊಬ್ರ ಮನೇಲಿ ನಿಲ್ಬೇಕು. ಸೂಪರ್."

"ಇನ್ನೊಬ್ರ ಮನೆ ಯಾವುದೇ? ಅದು ನಮ್ಮ..."

"ನಿಮ್ಮದು. ನಂದಲ್ಲ." ವಂದನಾ ಕಟ್ಟೆಗೆ ಒರಗಿ ನಿಂತಳು. "ಮಾ, ಇಲ್ಲಿ ಕೂತು ನಾನು ಹೋಂವರ್ಕ್ ಮಾಡ್ತಿದ್ದೆ. ನೀನು ಡ್ಯೂಟಿ ಮುಗಿಸಿ ಬಂದು ಉಪ್ಪಿಟ್ಟು ಮಾಡ್ತಿದ್ದೆ. ಅದನ್ನ ನೀನು ಊರಿಗೆಲ್ಲ ಎತ್ತಿ ಕೊಟ್ಬಿಟ್ಟೆ. ಈಗ ಅದನ್ನೇ ದೊಡ್ಡ ಸಾಧನೆ ಅಂತ ಹೇಳಕ್ಕೆ ಕಾಡಿಗೆ ಬೇರೆ ಹೋಗ್ತಿದೀಯ. ಈ ವಯಸ್ಸಲ್ಲಿ ನೆಲದ ಮೇಲೆ ಮಲಗಿ ಬೆನ್ನು ಹಿಡ್ಕೊಂಡ್ರೆ ಯಾರು ನೋಡ್ತಾರೆ?"

ಬೇರೆ ದಿನವಾಗಿದ್ದರೆ ನಾಗಮಣಿ ಮಾತಿಗೆ ಮಾತು ಕೊಡುತ್ತಿದ್ದಳು. ಅಂದು ಮಗಳು ಎತ್ತಿ ಬಿಟ್ಟ ದುಪಟಿಯನ್ನು ಮಡಿಸುತ್ತಾ, ತನಗೇ ಹೇಳಿಕೊಳ್ಳುವಂತೆ ಅಂದಳು: "ಕೊಟ್ಟಿದ್ದು ನಾನಲ್ಲ ಕಣೆ ವಂದನಾ. ಕೊಟ್ಟಿದ್ದು ಟೀಚರ್."

ಹೇಳಿದ ಮೇಲೆ ಆ ಮಾತು ಅವಳನ್ನು ಹಿಡಿದು ನಿಲ್ಲಿಸಿತು. ತಾನು ತನ್ನ ಒಲೆಗೊಂದು ಬಟ್ಟೆ ಹೊದಿಸಿದ್ದಷ್ಟೇ, ಬೇಕೆಂದಾಗ ತೆಗೆಯಬಹುದು. ಟೀಚರ್ ಹಾಗಲ್ಲ. ತಮ್ಮ ಮನೆಯ ಬಾಗಿಲನ್ನೇ ತೆಗೆದಿಟ್ಟಿದ್ದರು. ಬೆಳಿಗ್ಗೆ ಹಾಲು ಕಾಯಿಸಲು ಬರುವ ವಿಷ್ಣುಮೂರ್ತಿಯ ಕೆಮ್ಮಿಗೆ ಏಳಬೇಕು, ಮಧ್ಯಾಹ್ನ ಒರಗೋಣವೆಂದರೆ ಒಗ್ಗರಣೆಯ ಘಾಟು, ಸಂಜೆ ಪಂಢರಿನಾಥನ ಕ್ರಿಕೆಟ್. ಒಂದು ದಿನವೂ ಅವರು ಸಿಡುಕಿದ್ದಿಲ್ಲ. ಅಂಥವರಿಗೆ ತಾವು ಊಟ ಹಾಕುತ್ತೇವೆಂದು ಅವಳು ನೂರಾರು ಜನರ ಮುಂದೆ ಹೇಳಲು ಹೊರಟಿದ್ದಳು.

"ಏನ್ಮಾ, ಯಾಕೆ ಅಳ್ತಿದೀಯ?" ವಂದನಾ ಗಾಬರಿಯಾದಳು.

"ಅಳ್ತಾ ಇಲ್ಲ. ನಾಚಿಕೆ ಆಗ್ತಿದೆ."

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ನಾಗಮಣಿ ಕೆಳಗಿಳಿದಳು. ಡಿಕಾಕ್ಷನ್ ಇಳಿಸಿ, ಟೀಚರಿಗೆ ಬೇಕಾದ ಹಾಗೆ ಸಕ್ಕರೆ ಕಡಿಮೆ ಹಾಕಿ, ಬಾಗಿಲು ತಟ್ಟಿದಳು. ಟೀಚರ್ ಎದ್ದು, ತಲೆ ಬಾಚಿಕೊಂಡು, ಹಾಸಿಗೆಯ ಅಂಚಿನಲ್ಲಿ ಜಪಮಾಲೆ ಹಿಡಿದು ಕೂತಿದ್ದರು. ಮಾಲೆಯ ಕೊನೆಯ ಮಣಿ ಮುಗಿಯುವ ತನಕ ನಾಗಮಣಿ ಬಾಗಿಲಲ್ಲೇ ನಿಂತಳು.

"ಟೀಚರ್, ನನ್ನಿಂದ ತಪ್ಪಾಯ್ತು. ನಾವು ಯಾರೂ ತೋಪಿಗೆ ಹೋಗಲ್ಲ. ನವ್ಯಂಗೆ ಫೋನ್ ಮಾಡಿ ಹೇಳ್ಬಿಡ್ತೀನಿ."

ಟೀಚರ್ ಕಾಫಿಯನ್ನು ಒಂದು ಗುಟುಕು ಕುಡಿದರು. "ಹೋಗಲ್ವಾ? ಆಮೇಲೆ ಬೀದಿ ಪೂರ್ತಿ, ಟೀಚರಿಂದ ಹೋಗಕ್ಕಾಗ್ಲಿಲ್ಲ ಅಂತ ಹೇಳ್ಕೊಂಡು ತಿರುಗ್ತೀಯಾ?"

ನಾಗಮಣಿಗೆ ನಗು ಬಂತು, ನಗಲು ಧೈರ್ಯ ಬರಲಿಲ್ಲ.

"ಇಲ್ನೋಡು," ಎಂದರು ಟೀಚರ್, "ನರ್ಸ್ ಗೊತ್ತು ಮಾಡಿದ್ರಿ. ನನ್ನ ಮಾತ್ರೆ ಎಲ್ಲ ಬೇರೆ ಬೇರೆ ಡಬ್ಬಿಗೆ ಹಾಕಿಟ್ರಿ. ಎಲ್ಲಾ ಸರಿ. ಆದ್ರೆ ಒಬ್ರಾದ್ರೂ ಬಂದು, ಟೀಚರ್, ನೀವು ಬರ್ತೀರಾ ಅಂತ ಕೇಳಿದ್ರಾ? ನಾನೇ ಬರಲ್ಲ ಅಂತಿದ್ನೋ ಏನೋ. ಕೇಳ್ಬೇಕಲ್ವಾ?"

ಹೌದು, ಕೇಳಿರಲಿಲ್ಲ. ಐದು ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ. ನಾಗಮಣಿ ಹಾಸಿಗೆಯ ಪಕ್ಕದ ನೆಲದ ಮೇಲೆ ಕೂತಳು.

"ಟೀಚರ್, ನೀವು ಬರ್ತೀರಾ?"

"ಬರ್ತೀನಿ. ಆದ್ರೆ ಪ್ರದರ್ಶನಕ್ಕೆ ಬರಲ್ಲ. ಕೆಲ್ಸ ಕೊಟ್ರೆ ಬರ್ತೀನಿ."

"ಮಾತಾಡೋ ಕೆಲ್ಸ ನಿಮ್ದೇ. ನಾನು ಪಕ್ಕದಲ್ಲಿ ನಿಂತಿರ್ತೀನಿ."

"ಬೇಡಮ್ಮಾ, ನೀನು ಬಾಯಿ ಮುಚ್ಕೊಂಡು ನಿಂತ್ರೆ ನಿಂಗೆ ಜ್ವರ ಬರತ್ತೆ. ಮೊದ್ಲು ನಾನು ಹೇಳ್ತೀನಿ, ಆಮೇಲೆ ನೀನು ಹೇಳು." ಟೀಚರ್ ಲೋಟ ಹಿಂದಕ್ಕೆ ಕೊಟ್ಟರು. "ಮತ್ತೆ, ಅಲ್ಲಿ ಕಕ್ಕಸು ಹೆಂಗಿದೆ ಅಂತ ವಿಚಾರ್ಸು. ಅದು ಸರಿ ಇಲ್ದೆ ಇದ್ರೆ ನಿಮ್ಮ ಸಮ್ಮೇಳನ ಕಟ್ಕೊಂಡು ನಂಗೇನೂ ಆಗ್ಬೇಕಾಗಿಲ್ಲ."

ಅಂದಿನಿಂದ ಕಟ್ಟಡಕ್ಕೆ ಮದುವೆ ಮನೆಯ ಕಳೆ ಬಂತು. ನಾಗಮಣಿ ನವ್ಯಾಳಿಗೆ ಫೋನ್ ಮಾಡಿ, ಗಾಡಿ ನಿಲ್ಲುವ ಜಾಗದಿಂದ ಮರದಡಿಗೆ ಎಷ್ಟು ದೂರ, ನೆಲ ಗಟ್ಟಿಯೋ ಮರಳೋ, ಕಕ್ಕಸಿಗೆ ಮೆಟ್ಟಿಲಿದೆಯೋ ಎಂದು ಒಂದೊಂದಾಗಿ ಕೇಳಿದಳು. ಕೇಳುವ ಜಾಗದಲ್ಲಿ ಕೂತು ಅವಳಿಗೆ ಅಭ್ಯಾಸವಿರಲಿಲ್ಲ. ಆದರೆ ಜನ ಯಾವ ಪ್ರಶ್ನೆಗೆ ತಡವರಿಸುತ್ತಾರೆಂಬುದು ಚೆನ್ನಾಗಿ ಗೊತ್ತಿತ್ತು. ತೋಪಿನಲ್ಲಿದ್ದದ್ದು ತಾತ್ಕಾಲಿಕವಾಗಿ ಕಟ್ಟಿದ, ತೆಂಗಿನ ಗರಿಯ ಮರೆಯ ಕಕ್ಕಸು. ನವ್ಯಾ ಎರಡು ದಿನ ಬಿಟ್ಟು ತಾನೇ ಫೋನ್ ಮಾಡಿ, ಹಿಡಿದುಕೊಳ್ಳಲು ಎರಡು ಕಡೆ ಬಿದಿರು ಹೂಳಿಸಿದ್ದೇವೆ, ಕಮೋಡ್ ಕುರ್ಚಿಯೊಂದನ್ನು ತರಿಸಿದ್ದೇವೆ ಎಂದಳು. ಬೇರೆ ಗುಂಪಿನ ಇಬ್ಬರು ಮುದುಕಿಯರೂ ಇದನ್ನು ಕೇಳಿ ತಾವೂ ಬರುತ್ತೇವೆಂದರಂತೆ.

ಆ ಸುದ್ದಿಯನ್ನು ನಾಗಮಣಿ ತಾನಾಗಿ ಹೇಳಲಿಲ್ಲ. ಫೋನನ್ನು ಸ್ಪೀಕರಿಗೆ ಹಾಕಿ ಟೀಚರ ಕೈಗೆ ಕೊಟ್ಟಳು. ಟೀಚರ್ ಕೇಳಿ, "ನೋಡ್ದ್ಯಾ, ಬಾಯಿಬಿಟ್ಟು ಕೇಳಿದ್ರೆ ಎಷ್ಟು ಜನಕ್ಕೆ ಉಪಕಾರ" ಎಂದು ಗತ್ತಿನಿಂದ ತಲೆದೂಗಿದರು.

ವಂದನಾಳಿಗೆ ವಿಷಯ ತಿಳಿದದ್ದು ಅಪ್ಪನಿಂದ. ಫೋನಿನಲ್ಲೇ ಕೂಗಾಡಿದಳು. "ಹಿಪ್ ಸರ್ಜರಿ ಆದವ್ರನ್ನ ತೋಪಿಗೆ ಕರ್ಕೊಂಡು ಹೋಗ್ತೀರಾ? ಯಾರು ಎತ್ತೋದು, ಯಾರು ಕೂರ್ಸೋದು? ಪಂಢರಿ ಅಂಕಲ್ಲಾ? ನಿಮಗೆಲ್ಲ ಪೈತ್ಯ ಹಿಡ್ದಿದೆ!" ಅಷ್ಟು ಹೇಳಿ ಇಟ್ಟವಳು ಶನಿವಾರ ಬೆಳಿಗ್ಗೆ, ಯಾರೂ ಕರೆಯದೆ, ಹಿಡಿಗಳಿರುವ ಅಗಲವಾದ ಬೆಲ್ಟೊಂದನ್ನು ಹೆಗಲಿಗೆ ಹಾಕಿಕೊಂಡು ಬಂದಳು.

"ಎಲ್ಲಾರೂ ಕೆಳಗೆ ಬನ್ನಿ. ಈಗ, ಇಮ್ಮೀಡಿಯಟ್ಟಾಗಿ."

ಗಿರಿಧರನ ಕಾರನ್ನು ಗೇಟಿನ ಬಳಿ ನಿಲ್ಲಿಸಿ, ಬಾಗಿಲು ತೆಗೆದಿಟ್ಟು, ವಂದನಾ ಪಾಠ ಶುರು ಮಾಡಿದಳು. ರೋಗಿಯ ಪಾತ್ರಕ್ಕೆ ಪಂಢರಿನಾಥನನ್ನು ಕೂರಿಸಿದಳು. ಬೆಲ್ಟನ್ನು ಅವನ ಹೊಟ್ಟೆಗೆ ಸುತ್ತುವುದೇ ಒಂದು ಸಾಹಸವಾಯಿತು. ಎತ್ತುವಾಗ ಬೆನ್ನು ಬಗ್ಗಿಸಬಾರದು, ಮೊಣಕಾಲು ಬಗ್ಗಿಸಬೇಕು. ತೋಳು ಹಿಡಿದು ಎಳೆಯಬಾರದು, ಬೆಲ್ಟಿನ ಹಿಡಿ ಹಿಡಿಯಬೇಕು. ಮೊದಲು ಸೀಟಿಗೆ ಕೂರಿಸಿ, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಕ್ಕೆ ತಿರುಗಿಸಬೇಕು. ರಮೇಶ್ ಎತ್ತಿದರು, ಹರ್ಷಿಣಿ ಎತ್ತಿದಳು, ಗುಣವತಿಯೂ ಸೀರೆ ಬಿಗಿದು ಎತ್ತಿದಳು. ಪ್ರತಿ ಸಲವೂ ಪಂಢರಿನಾಥ "ಅಯ್ಯೋ ನನ್ನ ಸೊಂಟ" ಎನ್ನುತ್ತಿದ್ದ. ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಫಿಲೋಮಿನಾ ಟೀಚರ್, "ನಾನು ಹಂಗೆಲ್ಲ ಕೂಗಲ್ಲಪ್ಪಾ, ಸರಿಯಾಗಿ ಆಕ್ಟ್ ಮಾಡು" ಎಂದು ಗದರಿದರು.

ಕೊನೆಗೆ ಟೀಚರ ಸರದಿ ಬಂತು. ನಾಗಮಣಿ ಒಂದು ಕಡೆ, ವಂದನಾ ಒಂದು ಕಡೆ. "ರೆಡಿ ಟೀಚರ್? ನೀವೂ ಸ್ವಲ್ಪ ತಳ್ಳಬೇಕು, ನಾವು ಮಾತ್ರ ಎತ್ತೋದಲ್ಲ" ಎಂದಳು ವಂದನಾ. ಟೀಚರ್ ಹಲ್ಲು ಕಚ್ಚಿ ಎದ್ದರು, ತಿರುಗಿದರು, ಕೂತರು. ಕಾರಿನ ಸೀಟಿನಲ್ಲಿ ಕೂತವರು ತಕ್ಷಣ ಇಳಿಯಲು ಒಪ್ಪಲಿಲ್ಲ. ಗೇಟಿನಾಚೆಯ ಬೀದಿಯನ್ನು, ಹೂ ಮಾರುವವಳನ್ನು, ಹಾದುಹೋಗುವ ಆಟೋಗಳನ್ನು ಬಹಳ ಹೊತ್ತು ನೋಡಿದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಬೀದಿಯನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಗಿರಿಧರ್," ಎಂದರು ಕೊನೆಗೆ, "ಒಂದು ರೌಂಡು ಹೊಡ್ಸಪ್ಪಾ."

ಕಾರು ಬೀದಿ ದಾಟಿ ಹೋಯಿತು. ಮಿಕ್ಕವರು ಒಳಗೆ ಹೋದ ಮೇಲೆ ಗೇಟಿನ ಬಳಿ ಅಮ್ಮ ಮಗಳು ಇಬ್ಬರೇ ಉಳಿದರು. ವಂದನಾ ಕೈ ಒರೆಸಿಕೊಳ್ಳುತ್ತಾ, "ನೀನು ಚೆನ್ನಾಗಿ ಎತ್ತಿದೆ ಮಾ" ಎಂದಳು. ನಾಗಮಣಿಗೆ ರೈಲ್ವೆಯವರು ನಿವೃತ್ತಿಯ ದಿನ ಹಾಕಿದ ಹಾರಕ್ಕಿಂತ ಈ ಮಾತು ಹೆಚ್ಚಾಯಿತು. ಅದನ್ನು ತೋರಗೊಡದೆ, "ಕಾಪಿ ಕುಡೀತೀಯೇನೆ?" ಎಂದು ಕೇಳಿದಳು. ವಂದನಾ ಮೇಲಕ್ಕೂ ನೋಡದೆ ಟೀಚರ ಅಡುಗೆಮನೆಗೆ ನಡೆದು, ತಾನೇ ಹಾಲು ಕಾಯಿಸಿದಳು. ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಗುಣವತಿಯನ್ನು ಕೇಳಬೇಕಾಯಿತು, ಅಷ್ಟೆ.

ಅಡುಗೆಯ ಜವಾಬ್ದಾರಿ ವಿಷ್ಣುಮೂರ್ತಿಯವರದು. ಮೊದಲ ದಿನ ರಾತ್ರಿಯ ಊಟ ಕೀಲ್ಪಾಕ್‌ನವರದೆಂದು ನವ್ಯಾ ತಿಳಿಸಿದ್ದಳು. ನೂರಕ್ಕೂ ಮೀರಿ ಜನ, ಬಿಸಿಬೇಳೆಬಾತು. ಈರುಳ್ಳಿ ಹಾಕಬೇಕೋ ಬೇಡವೋ ಎಂಬುದರ ಮೇಲೆ ಎರಡು ದಿನ ಜಗಳವಾಡಿ, ಬಾತಿಗೆ ಬೇಡ, ಮೊಸರು ಬಜ್ಜಿಗೆ ಬೇಕು ಎಂದು ರಾಜಿಯಾಯಿತು.

"ಗ್ಯಾಸಲ್ಲಿ ಮಾಡುದು ಬೇರೆ, ಸೌದೆಯಲ್ಲಿ ಮಾಡುದು ಬೇರೆ," ಎಂದರು ವಿಷ್ಣುಮೂರ್ತಿ. "ನನಗೂ ಸೌದೆ ಒಲೆ ಮರ್ತು ಹೋಗಿ ವರ್ಷ ಎಷ್ಟಾಯ್ತೋ. ಒಮ್ಮೆ ಮಾಡಿ ನೋಡದೆ ಅಲ್ಲಿ ಹೋಗಿ ಮರ್ಯಾದೆ ತೆಗಿಲಿಕ್ಕೆ ನಾನಿಲ್ಲ."

"ಇಲ್ಲಿ ಎಲ್ಲಿ ಹೊತ್ತಿಸ್ತೀರಿ? ನಿಮಗೆ ಎಂತ ಆಯ್ತು?" ಎಂದಳು ಗುಣವತಿ.

ಹಿತ್ತಲಿನ ತುಳಸಿಕಟ್ಟೆಯ ಪಕ್ಕ ಕಲ್ಲು ಹೂಡಿ, ಬಾಡಿಗೆ ಪಾತ್ರೆ ಅಂಗಡಿಯಿಂದ ದೊಡ್ಡ ಅಂಡಾ ತರಿಸಿ ಒಲೆ ಹೊತ್ತಿಸಿಯೇ ಬಿಟ್ಟರು. ಸೌದೆ ಹಸಿಯಾಗಿತ್ತು. ಹೊಗೆ ಎದ್ದು ಎದುರು ಕಟ್ಟಡದ ಕಿಟಕಿಗಳಿಗೆಲ್ಲ ನುಗ್ಗಿತು. ಸ್ವಲ್ಪ ಹೊತ್ತಿಗೆ ಆ ಕಟ್ಟಡದ ಶಾರದಮ್ಮ ಒಣಹಾಕಿದ್ದ ಬಟ್ಟೆಗಳನ್ನು ತೋಳಿನ ಮೇಲೆ ಹೇರಿಕೊಂಡು, ಜಗಳಕ್ಕೆಂದೇ ಗೇಟು ತಳ್ಳಿಕೊಂಡು ಬಂದರು. ನಾಗಮಣಿ ಮುಂದೆ ಹೋಗಿ ನಿಂತಳು. ಮಾತು ಎರಡು ಕಡೆಯಿಂದಲೂ ಏರಿತು. ಅಷ್ಟರಲ್ಲಿ ವಿಷ್ಣುಮೂರ್ತಿ ಅಂಡಾದ ಮುಚ್ಚಳ ತೆಗೆದು, ಒಗ್ಗರಣೆ ಸುರಿದು, ಮೇಲಿಂದ ತುಪ್ಪ ಬಿಟ್ಟರು. ಆ ಘಮಕ್ಕೆ ಶಾರದಮ್ಮನ ಮಾತು ಅರ್ಧದಲ್ಲಿ ನಿಂತಿತು. ಹೋಗುವಾಗ ಅವರ ಒಂದು ಕೈಯಲ್ಲಿ ಬಟ್ಟೆ, ಇನ್ನೊಂದು ಕೈಯಲ್ಲಿ ತುಂಬಿದ ಡಬ್ಬಿ.

"ಸೌದೆ ಒಣಗಿದ್ದು ತಗೊಂಡು ಹೋಗಿ," ಎಂದು ಗೇಟಿನಿಂದಲೇ ಹೇಳಿದರು. "ನನ್ನ ತಮ್ಮನ ಡಿಪೋ ಇದೆ. ಹೇಳಿ ಕಳಿಸ್ತೀನಿ."

ಹೊರಡುವ ದಿನ ಬೆಳಿಗ್ಗೆ ವ್ಯಾನು ಗೇಟಿಗೆ ಬಂದು ನಿಂತಾಗ ಸಾಮಾನೇ ಅರ್ಧ ಬೀದಿ ಹಿಡಿದಿತ್ತು. ಜಮಖಾನ, ಚಾಪೆ, ಟಾರ್ಪಾಲು, ಸೊಳ್ಳೆಪರದೆ, ಟಾರ್ಚು, ಅಂಡಾ, ಹುಟ್ಟು, ಮಸಾಲೆಪುಡಿಯ ಡಬ್ಬಿ, ಒಣಸೌದೆ. ಟೆಂಟನ್ನು ರಮೇಶ್ ಯಾರಿಗೂ ಮುಟ್ಟಗೊಡದೆ ತೊಡೆಯ ಮೇಲಿಟ್ಟುಕೊಂಡು ಕೂತರು. ಫಿಲೋಮಿನಾ ಟೀಚರ್ ಭಾನುವಾರ ಚರ್ಚಿಗೆ ಹೋಗುವಾಗ ಉಡುತ್ತಿದ್ದ ತಿಳಿನೀಲಿ ಸೀರೆ ಉಟ್ಟಿದ್ದರು. ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಹೋಗಬಹುದೆಂದರೆ ಕೇಳದೆ, ಡ್ರೈವರ್ ಪಕ್ಕದ ಸೀಟೇ ಬೇಕೆಂದರು. ನಾಗಮಣಿ, ವಂದನಾ ಎತ್ತಿದರು, ಟೀಚರ್ ತಳ್ಳಿದರು, ಒಂದೇ ಸಲಕ್ಕೆ ಕೂತರು. ನೋಡುತ್ತಿದ್ದ ಇಸ್ತ್ರಿಯವನು ಚಪ್ಪಾಳೆ ತಟ್ಟಿದ.

ವಂದನಾ ಟೀಚರನ್ನು ಅಲ್ಲಿ ಸರಿಯಾಗಿ ಇಳಿಸಿ, ಹಾಸಿಗೆ ಏರ್ಪಾಡು ನೋಡಿ, ಸಂಜೆ ಬಸ್ಸಿಗೆ ವಾಪಸ್ಸು ಬರುವುದೆಂದು ಹೇಳಿಯೇ ವ್ಯಾನು ಹತ್ತಿದ್ದಳು.

ಮಧುರಾಂತಕದ ಕೆರೆ ದಾಟಿ ಮಣ್ಣುರಸ್ತೆಗೆ ತಿರುಗಿದಾಗ ತೋಪು ಕಾಣಿಸಿತು. ಮಾವು ಹೂಬಿಟ್ಟ ಕಾಲ. ಮರದ ಕೆಳಗೆಲ್ಲ ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು. ಅಲ್ಲಲ್ಲಿ ಚಾಪೆ ಹಾಸಿಕೊಂಡು ಗುಂಪುಗಳು ಕೂತಿದ್ದವು. ಟೀಚರ್ ಇಳಿದು ವಾಕರ್ ಹಿಡಿದು, ಆ ಗಟ್ಟಿನೆಲದ ಮೇಲೆ ತಾವೇ ನಡೆದು ಮರದಡಿಯ ಕುರ್ಚಿಯವರೆಗೆ ಹೋದರು. ಬಿದಿರು ಹೂಳಿಸಿದ್ದನ್ನು ಕೇಳಿ ಬಂದಿದ್ದ ಇಬ್ಬರು ಮುದುಕಿಯರು ಆಗಲೇ ಅವರಿಗಾಗಿ ಪಕ್ಕದಲ್ಲಿ ಜಾಗ ಇಟ್ಟಿದ್ದರು. ಕೂತ ಐದೇ ನಿಮಿಷಕ್ಕೆ ಮೂವರ ಮುಂದೆಯೂ ಬೀನ್ಸಿನ ರಾಶಿ ಬಿತ್ತು. ಕೆಲಸ ಕೊಟ್ಟವಳು ನಾಗಮಣಿ.

ಸಂಜೆ ಬಿಸಿಲು ಎಲೆಗಳ ನಡುವಿನಿಂದ ಓರೆಯಾಗಿ ಬೀಳುವಾಗ ಬಾತು ಕುದಿಯತೊಡಗಿತ್ತು. ಒಣಸೌದೆ ಹೊಗೆಯಿಲ್ಲದೆ ಉರಿಯುತ್ತಿತ್ತು. ವಿಷ್ಣುಮೂರ್ತಿ ಪಂಚೆ ಎತ್ತಿ ಕಟ್ಟಿ, ಹಳೆಯ ಹೋಟೆಲಿನ ಗತ್ತಿನಲ್ಲಿ ಎಲ್ಲರಿಗೂ ಆಜ್ಞೆ ಕೊಡುತ್ತಿದ್ದರು. ನಾಗಮಣಿ ಅಂಡಾದ ಮುಂದೆ ನಿಂತು ಹುಟ್ಟು ತಿರುಗಿಸುತ್ತಿದ್ದಳು. ಬೆವರು ಇಳಿಯುತ್ತಿತ್ತು. ಆಚೆ ಮರದಡಿಯಲ್ಲಿ ಫಿಲೋಮಿನಾ ಟೀಚರ್ ಸುತ್ತ ಕೂತ ಹತ್ತು ಹದಿನೈದು ಜನಕ್ಕೆ ತಮಿಳಿನಲ್ಲಿ ಏನೋ ಹೇಳುತ್ತಿದ್ದರು. ಊಟದ ಮೇಲೆ ಹೇಳಬೇಕಾದ್ದನ್ನು ಅವರು ಊಟಕ್ಕೆ ಮೊದಲೇ ಶುರು ಮಾಡಿಬಿಟ್ಟಿದ್ದರು. ಮಳೆ, ಕುರ್ಚಿ, ಸಿಲಿಂಡರು ಎಂಬ ಮಾತುಗಳು ತೇಲಿಬಂದವು. "ಎಂಗ ನಾಗಮಣಿ" ಎಂಬ ಮಾತೂ ಬಂತು. ನಮ್ಮ ನಾಗಮಣಿ. ಜನ ತಿರುಗಿ ಒಲೆಯ ಕಡೆ ನೋಡಿದರು. ನಾಗಮಣಿ ಬೆನ್ನು ನೆಟ್ಟಗೆ ಮಾಡಿ, ಇನ್ನೂ ಜೋರಾಗಿ ಹುಟ್ಟು ತಿರುಗಿಸಿದಳು.

ಬಸ್ಸಿನ ಹೊತ್ತು ಹತ್ತಿರವಾಗಿತ್ತು. ವಂದನಾ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡೇ, ಬೇರೆ ಗುಂಪಿನ ಒಬ್ಬ ಮುದುಕಿಯ ಊದಿದ ಮೊಣಕಾಲನ್ನು ನೋಡುತ್ತಾ ಕುಕ್ಕರಗಾಲಿನಲ್ಲಿ ಕೂತಿದ್ದಳು. ಆ ಮುದುಕಿಯ ಜೊತೆಗಿದ್ದ ಹೆಂಗಸು, ಸೆಂಜಿ ಕಡೆಯ ರೈತರ ಮನೆಯವಳು, ತಮಿಳಿನಲ್ಲಿ ಕೇಳಿದಳು: "ನೀಂಗಳುಂ ಅಂದ ವೀಟುಕ್ಕಾರಂಗಳಾ?" ನೀವೂ ಆ ಮನೆಯವರಾ?

ನಾಗಮಣಿಯ ಹುಟ್ಟು ನಿಂತಿತು. ಬೆಸೆಂಟ್ ನಗರದಲ್ಲಿ ತನ್ನದೇ ಮನೆಯಿರುವ ಮಗಳು ಏನು ಹೇಳುತ್ತಾಳೋ ಎಂದು ಕಿವಿಗೊಟ್ಟಳು.

"ಆಮಾ," ಎಂದಳು ವಂದನಾ, ತಲೆಯೆತ್ತದೆ, ಮುದುಕಿಯ ಮೊಣಕಾಲನ್ನು ಮೆಲ್ಲಗೆ ಮಡಿಸುತ್ತಾ. "ಅಂದ ವೀಡು ದಾನ್." ಹೌದು, ಆ ಮನೆಯೇ.

"ವಂದನಾ!" ಎಂದು ನಾಗಮಣಿ ಕೂಗಿದಳು. ಎಗ್ಮೋ‌ರಿನ ದನಿ ತೋಪಿನ ಆ ತುದಿಗೂ ಕೇಳಿಸಿತು. "ಬ್ಯಾಗ್ ಕೆಳಗಿಟ್ಟು ಬಾರೆ ಇಲ್ಲಿ. ಎಲೆ ಹಾಕ್ಬೇಕು, ಜನ ಕೂತ್ಕೊಳ್ತಾ ಇದಾರೆ."

ವಂದನಾ ಬಂದಳು.